ಗ್ರಂಥಾಲಯದಲ್ಲಿ ಕೇಳಿ ಪಡೆಯಬೇಕಾದ ಸೌಲಭ್ಯಗಳು

ಬೈಲಹೊಂಗಲ, ಗೋಕಾಕ ಕಡೆಯಿಂದ ದಿನಾಲು ಬಸ್ಸಿನಲ್ಲಿ ಬೆಳಗಾವಿಗೆ ಬಂದು ಪದವಿ ಓದುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಗ್ರಂಥಾಲಯವನ್ನು ಪುಸ್ತಕ ಎರವಲು ಕೊಡುವ ಕೌಂಟರ್ ಎಂದಷ್ಟೇ ತಿಳಿಯಬೇಡಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್, ಕಾಲೇಜುಗಳಿಗೆ ಆನ್‌ಲೈನ್ ಓದುವ ಸಾಮಗ್ರಿ ಒದಗಿಸಲು ನಡೆಸುವ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವವನ್ನು ನಿಮ್ಮ ಕಾಲೇಜು ಪಡೆದಿದ್ದರೆ, ಗ್ರಂಥಪಾಲಕರಿಗೆ ನಿಮ್ಮ ಹೆಸರು ಮತ್ತು ಇ-ಮೇಲ್ ವಿಳಾಸ ಕೊಟ್ಟು ಖಾತೆ ಮಾಡಿಸಿಕೊಳ್ಳಿ. ಪಾಸ್‌ವರ್ಡ್ ಕೈಗೆ ಬಂದ ಮೇಲೆ ಊರಿನ ಮನೆಯಲ್ಲೇ ಕುಳಿತು, ಮೊಬೈಲಿನಲ್ಲಿ ಸಾವಿರಾರು ಇ-ಜರ್ನಲ್‌ಗಳನ್ನೂ ಲಕ್ಷಾಂತರ ಇ-ಪುಸ್ತಕಗಳನ್ನೂ ಓದಬಹುದು. ಅದರ ಶುಲ್ಕವನ್ನು ಕಾಲೇಜೇ ಕಟ್ಟಿರುತ್ತದೆ. ಆದರೂ ಬಹಳಷ್ಟು ಮಕ್ಕಳು ಕೇಳುವುದಿಲ್ಲ, ಏಕೆಂದರೆ ಆ ಸೂಚನೆಯು ಫಲಕದ ಮೇಲೆ ಪರೀಕ್ಷಾ ವೇಳಾಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಸದಸ್ಯತ್ವ ಇಲ್ಲದಿದ್ದರೆ, ಪಿಎಚ್‌ಡಿ ಸಂಶೋಧನಾ ಪ್ರಬಂಧಗಳ ‘ಶೋಧಗಂಗಾ’ ಎಂಬ ಆನ್‌ಲೈನ್ ಭಂಡಾರ ಎಲ್ಲರಿಗೂ ಮುಕ್ತವಾಗಿದೆ.

ಇನ್ನೊಂದು ಮಾತು, ಇದು ನನ್ನ ಅನುಭವದ್ದು. ಹಳೆಯ ಪ್ರಶ್ನೆಪತ್ರಿಕೆಗಳಿಗಾಗಿ ನಾನು ಎರಡು ವರ್ಷ ಝೆರಾಕ್ಸ್ ಅಂಗಡಿಗೆ ದುಡ್ಡು ಕೊಟ್ಟೆ. ಅವೇ ಪತ್ರಿಕೆಗಳು ನಮ್ಮ ಕಾಲೇಜಿನ ಪರಾಮರ್ಶನ ವಿಭಾಗದ ಕೆಳಗಿನ ಕಪಾಟಿನಲ್ಲಿ, ಕೆಂಪು ರಟ್ಟು ಹಾಕಿ, ವರ್ಷವಾರು ಹೊಲಿದು ಇಟ್ಟಿದ್ದವು. ಅವುಗಳನ್ನು ಮನೆಗೆ ಕೊಡುವುದಿಲ್ಲವಾದರೂ, ಬಸ್ಸಿಗೆ ಕಾಯುವ ಸಂಜೆಯ ಒಂದು ಗಂಟೆಯಲ್ಲಿ ಅಲ್ಲೇ ಕುಳಿತು ನೋಡಿಕೊಳ್ಳಬಹುದು.