ಎಂಟು ಹಾರ್ಡ್ ಡಿಸ್ಕ್ ಹಿಡಿಯುವ ಮರದ ಕೇಸ್

ಮರದ ಕಂಪ್ಯೂಟರ್ ಕೇಸ್ ಕೈಕೊಡುವುದು ಹೆಚ್ಚಾಗಿ ಗಾಳಿಯ ದಾರಿ ತಪ್ಪಿದಾಗ. ತಗಡಿನ ಕೇಸ್ ತನ್ನ ಮೈಯಿಂದಲೂ ಅಷ್ಟಿಷ್ಟು ಬಿಸಿ ಹೊರಗೆ ಬಿಡುತ್ತದೆ, ಮರ ಬಿಡುವುದಿಲ್ಲ. ಆದ್ದರಿಂದ ಒಳಗೆ ಬಂದ ಗಾಳಿಯೆಲ್ಲ ಡಿಸ್ಕ್‌ಗಳ ಸಂದಿಯಿಂದಲೇ ಹಾಯಬೇಕು.

12 ಮಿ.ಮೀ. ಪ್ಲೈವುಡ್ ಸಾಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೇವ ಹೀರಿ ಉಬ್ಬುತ್ತದೆ, ಅಂಚಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಮೇಲಿನ ಮತ್ತು ತಳದ ಹಲಗೆ 480×220, ಮುಂದಿನದು ಮತ್ತು ಹಿಂದಿನದು 340×220, ಪಕ್ಕದವು 480×364 ಮಿ.ಮೀ. ಮೊದಲ ನಾಲ್ಕನ್ನು ಅಂಟು, ಸ್ಕ್ರೂ ಹಾಕಿ ಚೌಕಟ್ಟು ಮಾಡಿ, 3.5 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ತೂತು ಮೊದಲೇ ಕೊರೆಯದಿದ್ದರೆ ಪ್ಲೈ ಸೀಳುತ್ತದೆ. ಎರಡೂ ಪಕ್ಕ ಬಿಚ್ಚುವಂತಿರಲಿ, ಇಲ್ಲದಿದ್ದರೆ ಒಂದು ಡಿಸ್ಕ್ ಬದಲಿಸಲು ಎಲ್ಲವನ್ನೂ ಹೊರತೆಗೆಯಬೇಕಾಗುತ್ತದೆ. ಒಳಮೂಲೆಗಳಲ್ಲಿ 20 ಮಿ.ಮೀ. ರೀಪರ್ ತುಂಡು ಅಂಟಿಸಿ, ಅದರಲ್ಲಿ ಎಂ4 (4 ಮಿ.ಮೀ.) ಇನ್ಸರ್ಟ್ ನಟ್, ಅಂದರೆ ಮರದೊಳಗೆ ಕೂರುವ ಲೋಹದ ನಟ್, ಕೂರಿಸಿ. ಮತ್ತೆ ಮತ್ತೆ ಬಿಚ್ಚುವ ಜಾಗದಲ್ಲಿ ಮರದ ಸ್ಕ್ರೂ ಬೇಗ ಸಡಿಲವಾಗುತ್ತದೆ.

ಇನ್ನು ಡಿಸ್ಕ್ ಗೂಡು. 3.5 ಇಂಚಿನ ಡಿಸ್ಕ್ 101.6 ಮಿ.ಮೀ. ಅಗಲ, 147 ಉದ್ದ, 26.1 ದಪ್ಪ. ಎರಡು ಡಿಸ್ಕ್ ನಡುವೆ 12 ಮಿ.ಮೀ. ಸಂದಿ ಬಿಟ್ಟರೆ ಒಂದೊಂದಕ್ಕೆ 38 ಮಿ.ಮೀ. ಬೇಕು. 2 ಮಿ.ಮೀ. ದಪ್ಪದ ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿ ನಾಲ್ಕು ತೆಗೆದುಕೊಂಡು, ತಳದಿಂದ 30, 68, 106 ಹೀಗೆ 296 ಮಿ.ಮೀ. ವರೆಗೆ ಎಂಟೆಂಟು ತೂತು ಕೊರೆಯಿರಿ. ನಾಲ್ಕನ್ನೂ ಒಟ್ಟಿಗೆ ಕ್ಲಾಂಪ್ ಮಾಡಿ ಕೊರೆದರೆ ಡಿಸ್ಕ್ ವಾಲುವುದಿಲ್ಲ. ಡಿಸ್ಕ್‌ನ ಪಕ್ಕದ ತುದಿ ತೂತುಗಳ ನಡುವೆ 101.6 ಮಿ.ಮೀ. ಇರುತ್ತದೆ, ನಡುವಿನ ತೂತು ಅನೇಕ ದೊಡ್ಡ ಡಿಸ್ಕ್‌ಗಳಲ್ಲಿ ಇರುವುದೇ ಇಲ್ಲ, ಅದನ್ನು ನಂಬಬೇಡಿ. ಎದುರುಬದುರು ಪಟ್ಟಿಗಳ ನಡುವೆ 104 ಮಿ.ಮೀ. ಬಿಟ್ಟು, ಪ್ರತಿ ತೂತಿನಲ್ಲೂ 1 ಮಿ.ಮೀ. ರಬ್ಬರ್ ವಾಷರ್ ಇಡಿ. ಸ್ಕ್ರೂ 6-32 (ಇಂಚಿನ ಅಳತೆಯ ಒಂದು ಗಾತ್ರ), ಕಾಲಿಂಚು ಉದ್ದ. ಎಂ3 ಸ್ಕ್ರೂ ಇದರಲ್ಲಿ ಹಿಡಿಯುವುದಿಲ್ಲ, ಉದ್ದ ಹೆಚ್ಚಾದರೆ ಡಿಸ್ಕ್ ಒಳಭಾಗಕ್ಕೆ ಪೆಟ್ಟು. ರಬ್ಬರ್ ಕಂಪನವನ್ನು ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ.

ಮುಂದಿನ ಹಲಗೆಯಲ್ಲಿ 140 ಮಿ.ಮೀ. ಫ್ಯಾನ್ ಎರಡು, ಒಂದರ ಮೇಲೊಂದು, ಗಾಳಿ ಒಳಗೆ ತಳ್ಳುವಂತೆ. ಫ್ಯಾನ್ ಮತ್ತು ಡಿಸ್ಕ್ ನಡುವೆ 20 ಮಿ.ಮೀ. ಬಿಡಿ. ಗೂಡಿನ ಎರಡು ಪಕ್ಕದಲ್ಲೂ ಸುಮಾರು 58 ಮಿ.ಮೀ. ಖಾಲಿ ಉಳಿಯುತ್ತದೆ, ಹಾಗೇ ಬಿಟ್ಟರೆ ಗಾಳಿ ಡಿಸ್ಕ್ ಮುಟ್ಟದೆ ಅಲ್ಲಿಂದಲೇ ನುಸುಳುತ್ತದೆ. ಪ್ಲೈ ತುಂಡಿನಿಂದ ಆ ಜಾಗ ಮುಚ್ಚಿ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ. ಎಷ್ಟೋ ಕೇಸ್‌ಗಳು ಈ ಒಂದು ಸಂದಿಯಿಂದಲೇ ಬಿಸಿಯಾಗುತ್ತವೆ. ಹಿಂದೆ 120 ಮಿ.ಮೀ. ತೂತು, ಬಲೆ ಸಹಿತ.

ಮಿನಿ ಐಟಿಎಕ್ಸ್ ಬೋರ್ಡ್ (ಚಿಕ್ಕ ಗಾತ್ರದ ಮದರ್‌ಬೋರ್ಡ್) ಹಿಂಭಾಗದ ತಳದಲ್ಲಿ ಸ್ಟ್ಯಾಂಡಾಫ್, ಅಂದರೆ ಬೋರ್ಡ್ ಎತ್ತಿ ಹಿಡಿಯುವ ಗಿಡ್ಡ ಕಂಬಗಳ, ಮೇಲೆ ಕೂರಲಿ. ಐ/ಒ ತಗಡು (ಬೋರ್ಡ್ ಹಿಂಬದಿಯ ಕೇಬಲ್ ಕಿಂಡಿಗಳ ಸುತ್ತ ಕೂರುವ ತಗಡು) 12 ಮಿ.ಮೀ. ಮರಕ್ಕೆ ಕಚ್ಚಿಕೊಳ್ಳುವುದಿಲ್ಲ, ಅಲ್ಲಿ ದೊಡ್ಡ ಕಿಂಡಿ ಕೊರೆದು ತೆಳು ತಗಡು ಹೊಡೆಯಿರಿ. ಪವರ್ ಸಪ್ಲೈ ಬೋರ್ಡ್‌ನ ಮೇಲ್ಭಾಗದಲ್ಲಿ. ನಾಲ್ಕು ಸ್ಕ್ರೂ ಮೇಲಷ್ಟೇ ತೂಗಬಿಡದೆ ಕೆಳಗೊಂದು ರೀಪರ್ ಆಸರೆ ಕೊಡಿ.

ಡಿಸ್ಕ್ ತಿರುಗಲು ಶುರುವಾದಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟೂ ಒಟ್ಟಿಗೆ ಎದ್ದರೆ 192 ವ್ಯಾಟ್. 450 ವ್ಯಾಟ್ ಸಪ್ಲೈ ಹಾಕಿ. ಡಿಸ್ಕ್‌ಗಳನ್ನು ಜೋಡಿಸುವ ಕಂಟ್ರೋಲರ್ ಕಾರ್ಡ್‌ನಲ್ಲಿ ಒಂದಾದ ಮೇಲೊಂದು ಚಾಲೂ ಮಾಡುವ ಸೌಲಭ್ಯವಿದ್ದರೆ ಆನ್ ಮಾಡಿ. ಒಂದು ಪವರ್ ಕೇಬಲ್‌ಗೆ ನಾಲ್ಕೇ ಡಿಸ್ಕ್. ಅಚ್ಚು ಹೊಯ್ದ ಮೋಲೆಕ್ಸ್–ಸಾಟಾ ಅಡಾಪ್ಟರ್ (ಹಳೆ ಬಗೆಯ ಪವರ್ ಪ್ಲಗ್ ಅನ್ನು ಡಿಸ್ಕ್‌ನ ಪ್ಲಗ್‌ಗೆ ಹೊಂದಿಸುವ ತುಂಡು) ಬೇಡ, ಒಳಗಿನ ತಂತಿ ತಾಗಿಕೊಂಡು ಸುಟ್ಟುಹೋಗುವ ಅಪಾಯವಿದೆ, ಅದೂ ಮರದ ಪೆಟ್ಟಿಗೆಯೊಳಗೆ. ಮರ ಅರ್ಥಿಂಗ್ ಕೊಡುವುದಿಲ್ಲವಾದ್ದರಿಂದ ನಾಲ್ಕೂ ಪಟ್ಟಿಗಳಿಂದ ಒಂದು ತಂತಿ ಎಳೆದು ಪವರ್ ಸಪ್ಲೈನ ಮೈ ಸ್ಕ್ರೂಗೆ ಬಿಗಿಯಿರಿ.

ಪಕ್ಕದ ಹಲಗೆ ಮುಚ್ಚಿ, ಎಲ್ಲ ಡಿಸ್ಕ್‌ಗೂ ಒಟ್ಟಿಗೆ ಕೆಲಸ ಕೊಟ್ಟು ಎರಡು ಗಂಟೆ ಬಿಟ್ಟು ಡಿಸ್ಕ್‌ನ ಸ್ಥಿತಿ ತೋರಿಸುವ ಸ್ಮಾರ್ಟ್‌ಸಿಟಿಎಲ್ (smartctl) ಎಂಬ ತಂತ್ರಾಂಶದಲ್ಲಿ ಉಷ್ಣತೆ ನೋಡಿ. 45 ಡಿಗ್ರಿ ದಾಟಿದರೆ ಫ್ಯಾನ್ ವೇಗ ಹೆಚ್ಚಿಸುವ ಮೊದಲು ಫೋಮ್ ಪಟ್ಟಿ ಎಲ್ಲಿ ಕಿತ್ತಿದೆ ಹುಡುಕಿ.