ಪುಣೆಯಲ್ಲಿ ಖಡಕ್ ರೊಟ್ಟಿ ವ್ಯಾಪಾರ: ಮೊದಲು ನನ್ನ ಕೂಲಿ ಬರೆದೆ

ಪುಣೆಗೆ ಹೊಸದಾಗಿ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾರ, ಇಲ್ಲಿ ಯಾ ಬಿಸಿನೆಸ್ ನಡೀತದರಿ?" ನಡೆಯುವ ಬಿಸಿನೆಸ್ ಬೇಕಾದಷ್ಟಿವೆ. ಅದರಿಂದ ನಿಮ್ಮ ಕೂಲಿ ಹುಟ್ಟುತ್ತಾ ಅನ್ನೋದನ್ನು ನೋಡಬೇಕು.

ನಾನು ವಾಕಡದಲ್ಲಿ ಖಡಕ್ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಐಡಿಯಾದಲ್ಲಿ ಹೊಸತೇನೂ ಇಲ್ಲ. ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ವಿಜಯಪುರ, ಬಾಗಲಕೋಟೆ, ಕಲಬುರಗಿ ಹುಡುಗರು ಊರಿಗೆ ಹೋದಾಗೆಲ್ಲ ರೊಟ್ಟಿ ಕಟ್ಟಿಸಿಕೊಂಡು ಬರುತ್ತಾರೆ. ಎರಡು ವಾರದಲ್ಲಿ ಖಾಲಿ. ಮರಾಠಿ ಮನೆಗಳಿಗೂ ಸೋಲಾಪುರದ ಕಡಕ್ ಭಾಕರಿ ಹೊಸದಲ್ಲ. ಇದೇನು, ಹೇಗೆ ತಿನ್ನೋದು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಶುರು ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಒಲೆ ಹಚ್ಚುವ ಮುಂಚೆಯೇ ಲೆಕ್ಕಕ್ಕೆ ಕೂತೆವು. ನಮ್ಮ ಮಾವ ಮುಂಬೈಯ ಹೋಟೆಲೊಂದರ ಗಲ್ಲಾದಲ್ಲಿ ವರ್ಷಗಟ್ಟಲೆ ಕೂತವರು. ಅವರು ಹೇಳಿದ್ದು ಇಷ್ಟೇ: "ರೊಟ್ಟಿ ಬಡಿಯಾಕಿ ನೀನ ಇದ್ದೀ ಅಂತ ಕೂಲಿ ಬಿಟ್ಟು ಬರೀಬ್ಯಾಡ. ನಾಳೆ ಇನ್ನೊಬ್ಬಾಕಿ ಬಂದು ಬಡಿದರ ಏನ್ ಕೊಡತಿ, ಅದನ್ನ ಇವತ್ತ ಬರಿ."

ಹಾಗೇ ಬರೆದೆ. ಹತ್ತು ರೊಟ್ಟಿಯ ಪ್ಯಾಕೆಟ್ಟಿಗೆ ಸುಮಾರು 400 ಗ್ರಾಂ ಹಿಟ್ಟು. ಜೋಳ, ಹಸನು ಮಾಡಿದ್ದು, ಗಿರಣಿಗೆ ಕೊಟ್ಟದ್ದು ಸೇರಿ 26 ರೂಪಾಯಿ. ರೊಟ್ಟಿಗೆ ಎರಡೂವರೆಯಂತೆ ಕೂಲಿ 25. ಗ್ಯಾಸ್ 8. ಚೀಲ, ಲೇಬಲ್ 6. ಮುರಿದ ರೊಟ್ಟಿಗೆ 5. ಒಟ್ಟು 70. ಪ್ಯಾಕೆಟ್ ಮೇಲೆ 110 ಅಂತ ಹಾಕಿದೆ. ಅಪಾರ್ಟ್‌ಮೆಂಟ್ ಬಾಗಿಲಿಗೆ ನಾನೇ ಕೊಟ್ಟರೆ 40 ಉಳಿಯುತ್ತದೆ, ಅದರಲ್ಲಿ ಸ್ಕೂಟರ್ ಪೆಟ್ರೋಲ್ ಹೋಗಬೇಕು. ಅಂಗಡಿಗೆ ಕೊಟ್ಟರೆ ಅವರಿಗೆ ಶೇಕಡಾ 20 ಬಿಡಬೇಕು, ನನ್ನ ಕೈಗೆ 88. ಉಳಿಯೋದು 18, ಪೆಟ್ರೋಲ್ ಬೇರೆ. ಕೂಲಿ ಬರೆಯದಿದ್ದರೆ ಇದೇ ಪ್ಯಾಕೆಟ್ಟನ್ನು 80ಕ್ಕೆ ಮಾರಿ ಲಾಭ ಅಂದುಕೊಳ್ಳುತ್ತಿದ್ದೆ ಅಲ್ವಾ? ಆರ್ಡರ್ ಜಾಸ್ತಿಯಾಗಿ ಕೆಲಸಕ್ಕೆ ಇಬ್ಬರನ್ನು ಕರೆದ ದಿನವೇ ವ್ಯಾಪಾರ ಮುಚ್ಚಬೇಕಾಗುತ್ತಿತ್ತು.

ಆ ಇಬ್ಬರು ಈಗ ನನ್ನ ಜೊತೆ ಇದ್ದಾರೆ. ಒಬ್ಬರು ಇಂಡಿ ಕಡೆಯವರು, ಇನ್ನೊಬ್ಬರು ಆಳಂದದವರು. ಗಂಡಂದಿರು ಕಟ್ಟಡ ಕೆಲಸಕ್ಕೆ ಬಂದವರು. ರೊಟ್ಟಿ ಲೆಕ್ಕದಲ್ಲಿ ಕೂಲಿ, ದುಡ್ಡು ಅವತ್ತಿಂದವತ್ತೇ. ಹಿಟ್ಟಿನ ವಿಷಯದಲ್ಲಿ ಅವರ ಮಾತೇ ಕೊನೆ. ಚೀಲಕ್ಕೆ ಕೈ ಹಾಕಿ ಮುಟ್ಟಿ, "ಇದರಾಗ ಜಿಗಿನ ಇಲ್ರಿ ಅಕ್ಕಾರ, ಹಳೇದೈತಿ" ಅಂದರೆ ಆ ಚೀಲ ಪಕ್ಕಕ್ಕೆ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಅನ್ನೋ ಅಂಟು ಇರುವುದಿಲ್ಲ. ಕುದಿಯುವ ನೀರು ಹಾಕಿ ನಾದಿದರೇ ಹಿಡಿತ ಬರೋದು. ಹಿಟ್ಟು ಹಳತಾದರೆ ಅದೂ ಬರುವುದಿಲ್ಲ, ಬಡಿಯುವಾಗಲೇ ಅಂಚು ಸೀಳುತ್ತದೆ. ಅದಕ್ಕೇ ವಾರಕ್ಕೆ ಬೇಕಾದಷ್ಟು ಮಾತ್ರ ಬೀಸಿಸುತ್ತೇನೆ. ಜೋಳ ಮಾತ್ರ ಹಿಂಗಾರಿ ಬೆಳೆ ಬರುವ ಫೆಬ್ರವರಿ-ಮಾರ್ಚ್‌ನಲ್ಲೇ ಮಾರ್ಕೆಟ್ ಯಾರ್ಡ್‌ನಿಂದ ಆದಷ್ಟು ತಂದಿಡುತ್ತೇನೆ. ಮಾಲದಂಡಿ ತಳಿಯ ಜೋಳವೇ ಆಗಬೇಕು. ಸೋಲಾಪುರ ಕಡೆಯ ಮಂಗಳವೇಡೆಯ ಜೋಳಕ್ಕೆ ಜಿಐ ಟ್ಯಾಗ್ (ಆ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು) ಇದೆ, ರೊಟ್ಟಿ ಬೆಳ್ಳಗೆ ಬರುತ್ತದೆ, ಆದರೆ ರೇಟೂ ಹಾಗೇ ಇರುತ್ತದೆ.

ಖಡಕ್ ರೊಟ್ಟಿಯಲ್ಲಿ ಬಡಿಯೋದು ಅರ್ಧ ಕೆಲಸ, ಒಣಗಿಸೋದು ಇನ್ನರ್ಧ. ಹಂಚಿನಿಂದ ತೆಗೆದ ಮೇಲೆ ಸಣ್ಣ ಉರಿಯ ಸುತ್ತ ಒರಗಿಸಿ ನಿಲ್ಲಿಸುತ್ತೇವೆ. ಆಮೇಲೆ ಬಟ್ಟೆಯ ಮೇಲೆ ಹರವಿ ಫ್ಯಾನ್ ಹಾಕುತ್ತೇವೆ. ಒಳಗೆ ಸ್ವಲ್ಪ ಬಿಸಿ ಇರುವಾಗಲೇ ಚೀಲಕ್ಕೆ ಹಾಕಿದರೆ ಹಬೆ ಕೂತು ಮೆತ್ತಗಾಗುತ್ತದೆ, ಕೆಲವೇ ದಿನದಲ್ಲಿ ಬೂಸು. ತೂಕವನ್ನೂ ಪೂರ್ತಿ ಒಣಗಿದ ಮೇಲೇ ನೋಡಬೇಕು. ಇಲ್ಲದಿದ್ದರೆ ಪ್ಯಾಕೆಟ್ ಮೇಲೆ ಬರೆದ ತೂಕಕ್ಕೂ ಒಳಗಿನ ತೂಕಕ್ಕೂ ತಾಳೆಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಗಾಳಿಯಲ್ಲೇ ತೇವ. ಆ ತಿಂಗಳುಗಳಲ್ಲಿ ಪ್ಯಾಕ್ ಮಾಡುವ ಮುಂಚೆ ಪ್ರತಿ ರೊಟ್ಟಿಯನ್ನೂ ಇನ್ನೊಮ್ಮೆ ಬಿಸಿ ಮಾಡುತ್ತೇವೆ. ಗ್ಯಾಸ್ ಖರ್ಚು ಏರುತ್ತದೆ, ಲಾಭ ಇಳಿಯುತ್ತದೆ. ವರ್ಷದ ಲೆಕ್ಕ ಹಾಕುವಾಗ ಮಳೆಗಾಲಕ್ಕೆ ಬೇರೆ ಕಾಲಂ ಇಟ್ಟಿದ್ದೇನೆ.

ಗಿರಾಕಿ ಹುಡುಕಲು ಒಂದೇ ಸೊಸೈಟಿಯ ವಾಟ್ಸಾಪ್ ಗುಂಪಿನಿಂದ ಶುರು ಮಾಡಿದೆ. ಮೊದಲ ಆರ್ಡರ್ ಎಷ್ಟು ಬಂತು ಅಂತ ನಾನು ನೋಡಲೇ ಇಲ್ಲ. ಪರಿಚಯದವರು ಒಂದು ಸಲ ಸುಮ್ನೆ ತಗೋತಾರೆ. ಪ್ಯಾಕೆಟ್ ಖಾಲಿಯಾದ ಮೇಲೆ ನಾನು ಕೇಳದೆಯೇ ಮತ್ತೆ ಮೆಸೇಜ್ ಮಾಡಿದವರ ಹೆಸರನ್ನು ಮಾತ್ರ ವಹಿಯಲ್ಲಿ ಬರೆದುಕೊಂಡೆ. ಆ ಪಟ್ಟಿ ಬೆಳೆದ ಮೇಲೇ ಪಕ್ಕದ ಸೊಸೈಟಿಗೆ ಹೋದದ್ದು.

ಅಂಗಡಿಗಳದ್ದು ಬೇರೆ ಕಥೆ. "ವಹಿನಿ, ಠೇವುನ್ ಜಾ, ವಿಕ್ಲೇ ತರ್ ಪೈಸೆ" ಅನ್ನುತ್ತಾರೆ. ಇಟ್ಟು ಹೋಗು, ಮಾರಾಟವಾದರೆ ದುಡ್ಡು. ಒಪ್ಪಿಕೊಂಡರೆ ಮುರಿದದ್ದು, ಉಳಿದದ್ದು ಎಲ್ಲ ನಮ್ಮ ತಲೆಗೇ. ನಾನು ಐದೇ ಪ್ಯಾಕೆಟ್ ಇಡುತ್ತೇನೆ, ಮುಂದಿನ ಐದು ಕೊಡುವಾಗ ಹಿಂದಿನ ಐದರ ದುಡ್ಡು. ಒಪ್ಪದ ಅಂಗಡಿ ಬೇಡ.

ಕಾಗದಪತ್ರಕ್ಕೆ ಏಜೆಂಟರು ಸಾವಿರಗಟ್ಟಲೆ ಕೇಳುತ್ತಾರೆ, ಕೊಡಬೇಡಿ. ತಿನ್ನುವ ವಸ್ತು ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಗೆ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು, ವಾರ್ಷಿಕ ವಹಿವಾಟು 12 ಲಕ್ಷದೊಳಗಿನವರಿಗೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಆಧಾರ್, ಪ್ಯಾನ್ ಸಾಕು. ನಮ್ಮ ಹಾಗೆ ಎರಡು-ಮೂರು ಜನ ಕೆಲಸ ಮಾಡುವ ಕಡೆ ಮಹಾರಾಷ್ಟ್ರದ ಶಾಪ್ ಆಕ್ಟ್‌ಗೆ (ಅಂಗಡಿ-ಸಂಸ್ಥೆಗಳ ಕಾಯ್ದೆ) ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಆಯಿತು. ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೇ ಇಲ್ಲ. ಲೇಬಲ್ ಮೇಲೆ ತೂಕ, ಎಂಆರ್‌ಪಿ, ತಯಾರಿಸಿದ ದಿನ, ವಿಳಾಸ, ಫೋನ್, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಹಸಿರು ಚುಕ್ಕೆ ಇರಲೇಬೇಕು.

ವರ್ಷದಲ್ಲಿ ಭರ್ಜರಿ ವ್ಯಾಪಾರ ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ. ನಮ್ಮಲ್ಲೂ ಮರಾಠಿಯವರಲ್ಲೂ ಅವತ್ತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕೇ ಬೇಕು. ಫ್ಲ್ಯಾಟ್‌ನಲ್ಲಿರುವ ಎಷ್ಟೋ ಜನರಿಗೆ ಬಡಿಯಲು ಬರುವುದಿಲ್ಲ, ಬಂದರೂ ಪುರುಸೊತ್ತಿಲ್ಲ. ಎಂಟು ದಿನ ಮುಂಚೆಯೇ ಆರ್ಡರ್ ನಿಲ್ಲಿಸುತ್ತೇನೆ. ಮುಂಗಡ ಕೊಟ್ಟವರಿಗಷ್ಟೇ ರೊಟ್ಟಿ.

ಒಂದು ಕ್ಯಾಂಟೀನ್ ಗುತ್ತಿಗೆದಾರರು ದಿನಾ ಇನ್ನೂರು ರೊಟ್ಟಿ ಕೇಳಿದ್ದರು, ದುಡ್ಡು ಮೂರು ತಿಂಗಳಿಗೊಮ್ಮೆ. ಉದ್ಯಮ್ ನೋಂದಣಿ ಇರುವ ನಮ್ಮಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಅದನ್ನು ಹೇಳಿದೆ, ಅವರು ನಕ್ಕರು. ದಿನಾ 500 ರೂಪಾಯಿ ಕೂಲಿಯನ್ನೇ ಕೈಯಿಂದ ಹಾಕಬೇಕಿತ್ತು, ಮೂರು ತಿಂಗಳಿಗೆ 45,000. ಆಗಲ್ಲ ಅಂದೆ. ಈಗ ವಾಕಡದ ಎರಡು ಮೆಸ್‌ಗಳಿಗೆ ಕೊಡುತ್ತೇನೆ. ರೊಟ್ಟಿ ಕಡಿಮೆ, ಆದರೆ ಶನಿವಾರಕ್ಕೆ ಶನಿವಾರ ದುಡ್ಡು ಬರುತ್ತದೆ.