ವೆಲ್ಡಿಂಗ್ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ

ಸಾಗರದಲ್ಲಿ ನಮ್ಮದು ಗೇಟು, ಗ್ರಿಲ್ಲು, ಶೀಟಿನ ಮಾಡು ಮಾಡಿಕೊಡುವ ಅಂಗಡಿ. ಹೊಸ ಹುಡುಗರು ಮೊದಲು ಹೆದರುವುದು ಕಿಡಿಗೆ. ಕಿಡಿ ಚುರ್ ಅಂದರೆ ಕೈ ತಾನೇ ಹಿಂದೆ ಬರುತ್ತದೆ. ನನಗೆ ಭಯ ಇರುವುದು ಕೆಲಸದ ಹೊತ್ತಿಗೆ ಏನೂ ಗೊತ್ತಾಗದೆ, ರಾತ್ರಿ ಮನೆಗೆ ಹೋದ ಮೇಲೆ ಕಾಡುವ ವಿಷಯಗಳಿಗೆ.

ಮೊದಲು ಕಣ್ಣು. 3.15 ಎಂಎಂ ರಾಡನ್ನು 100–120 ಆಂಪ್ಸ್‌ನಲ್ಲಿ ಓಡಿಸುವಾಗ ಮುಖಕ್ಕೆ ಹಿಡಿಯುವ ಸ್ಕ್ರೀನಿನಲ್ಲಿ 10 ಅಥವಾ 11ನೇ ನಂಬರಿನ ಕಪ್ಪು ಗ್ಲಾಸ್ ಇರಲಿ. ಕೂಲಿಂಗ್ ಗ್ಲಾಸ್ ಇದಕ್ಕೆ ಆಗುವುದಿಲ್ಲ. ಗ್ಲಾಸ್ ಸ್ವಲ್ಪ ಸೀಳಿದ್ದರೂ ಬದಲಾಯಿಸಿ. ನಾನು ನೋಡಿದ ಮಟ್ಟಿಗೆ ಜಾಸ್ತಿ ಪೆಟ್ಟು ತಿನ್ನುವವನು ಪೈಪ್ ಹಿಡಿದುಕೊಂಡ ಹುಡುಗ. ಟ್ಯಾಕ್ ಅಂದರೆ ಚುಕ್ಕೆಯಷ್ಟು ಬೆಸುಗೆ. ‘ಒಂದೇ ಟ್ಯಾಕ್, ಕಣ್ಣು ಮುಚ್ಕೋ’ ಅಂತ ಶುರು ಮಾಡಿ ಹತ್ತು ಟ್ಯಾಕ್ ಹೊಡೆಯುತ್ತಾರೆ. ಅವನಿಗೂ ಒಂದು ಸ್ಕ್ರೀನ್ ಕೊಡಿ. ಇಲ್ಲದಿದ್ದರೆ ಆರೇಳು ಗಂಟೆ ಬಿಟ್ಟು ಕಣ್ಣಿಗೆ ಮರಳು ಸುರಿದ ಹಾಗೆ ಉರಿ ಶುರುವಾಗುತ್ತದೆ. ಆಗ ಹಾಲು, ಆಲೂಗಡ್ಡೆ ರಸ ಅಂತ ಏನೂ ಹಾಕಬೇಡಿ, ಉಜ್ಜಲೂಬೇಡಿ. ಕಣ್ಣಿನ ಡಾಕ್ಟರಿಗೆ ತೋರಿಸಿ.

ಜಿಐ ಪೈಪಿನ ಹೊಗೆಯೂ ಹೀಗೆಯೇ. ಮೇಲಿನ ಸತುವಿನ ಲೇಪ ಸುಟ್ಟು ಬೆಳ್ಳಗೆ ಹೊಗೆ ಬರುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿ, ಜ್ವರ, ಮೈಕೈ ನೋವು. ಹಾಲು ಕುಡಿದರೆ ಏನೂ ಆಗಲ್ಲ ಅನ್ನುವುದನ್ನು ನಂಬಬೇಡಿ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಸೆಯುವ ಜಾಗದ ಲೇಪವನ್ನು ಮೊದಲೇ ಗ್ರೈಂಡರಿನಲ್ಲಿ ತೆಗೆಯಿರಿ, ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ. ಗಾಳಿ ಪಕ್ಕದಿಂದ ಬೀಸುವ ಹಾಗೆ ಕೂತು, ಹೊಗೆಯಿಂದ ಮುಖ ದೂರ ಇಡಿ. ಮೂಗಿಗೆ ಕಟ್ಟಿದ ಕರ್ಚೀಫು ಈ ಹೊಗೆಯನ್ನು ತಡೆಯುವುದಿಲ್ಲ.

ಇನ್ನು ಶಾಕ್. ಇದು ಮಾತ್ರ ರಾತ್ರಿವರೆಗೆ ಕಾಯುವುದಿಲ್ಲ. ಕಿಡಿ ಹಚ್ಚುವ ಮೊದಲು, ರಾಡ್ ಕಚ್ಚಿಸುವ ಹೋಲ್ಡರಿನಲ್ಲಿ 50ರಿಂದ 80 ವೋಲ್ಟ್ ಇರುತ್ತದೆ. ಒಣ ಮೈಗೆ ಸುಮ್ನೆ ಜುಮ್ ಅನ್ನಿಸಬಹುದು. ನಮ್ಮ ಮಳೆಗಾಲದಲ್ಲಿ, ಒದ್ದೆ ಗ್ಲೌಸು, ಬೆವರಿದ ಮೈ, ಕಬ್ಬಿಣದ ಮೇಲೆ ಕೂತ ಸ್ಥಿತಿಯಲ್ಲಿ ಅಷ್ಟೇ ವೋಲ್ಟೇಜು ಪ್ರಾಣ ತೆಗೆಯುತ್ತದೆ. ಕರೆಂಟು ಸೋರಿದರೆ ಲೈನ್ ಕಡಿಯುವ ಬೋರ್ಡಿನ ಆರ್‌ಸಿಸಿಬಿ ಹೋಲ್ಡರ್ ಕಡೆಯ ಶಾಕಿಗೆ ಟ್ರಿಪ್ ಆಗುತ್ತದೆ ಅಂತ ಲೆಕ್ಕ ಹಾಕಬೇಡಿ. ಒಣ ಚರ್ಮದ ಗ್ಲೌಸು ಎರಡು ಜೊತೆ ಇಟ್ಟುಕೊಳ್ಳಿ. ರಾಡ್ ಬದಲಿಸುವಾಗಲೂ ಅದು ಕೈಯಲ್ಲಿರಲಿ. ಕಾಲ ಕೆಳಗೆ ಒಣ ಹಲಗೆ, ಕಾಲಿಗೆ ಶೂ. ಕೇಬಲನ್ನು ಹೆಗಲಿಗೆ ಸುತ್ತಿಕೊಳ್ಳಬೇಡಿ. ಕರೆಂಟು ಮೆಷಿನಿಗೆ ವಾಪಸ್ ಹೋಗುವ ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಕಚ್ಚಿಸಿ. ಕಟ್ಟಡದ ಕಂಬಿಗೋ ನೀರಿನ ಪೈಪಿಗೋ ಸಿಕ್ಕಿಸಿದರೆ ಕರೆಂಟು ಎಲ್ಲೆಲ್ಲೋ ಸುತ್ತಿ ಬರುತ್ತದೆ.

ಬಟ್ಟೆ ದಪ್ಪ ಕಾಟನ್ನೇ ಆಗಬೇಕು, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟ್ ಮಡಚಬೇಡಿ.

ಖಾಲಿ ಡೀಸೆಲ್ ಡ್ರಮ್ಮು, ಪೆಟ್ರೋಲ್ ಟ್ಯಾಂಕು ತಂದರೆ ವಾಪಸ್ ಕಳಿಸಿ. ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು.

ಅಡಿಕೆ ಮನೆಗಳಲ್ಲಿ ಮಾಡಿನ ಕೆಲಸಕ್ಕೆ ಹೋದಾಗ ನಾನು ಮೊದಲು ನೋಡುವುದು ಕೆಳಗೆ. ಒಣ ಸಿಪ್ಪೆ, ಹುಲ್ಲು, ಗೋಣಿಚೀಲ ಇದ್ದೇ ಇರುತ್ತವೆ. ಕಿಡಿ ಮೂವತ್ತು ಅಡಿಗೂ ಹಾರುತ್ತದೆ. ಎಲ್ಲವನ್ನೂ ದೂರ ಹಾಕಿಸಿ, ಎರಡು ಬಕೆಟ್ ನೀರು ಇಟ್ಟುಕೊಳ್ಳಿ. ಅದನ್ನು ಸುರಿಯುವ ಮೊದಲು ಮೆಷಿನ್ ಆಫ್ ಮಾಡಿ. ಸಿಪ್ಪೆಯೊಳಗೆ ಬಿದ್ದ ಕಿಡಿ ಹೊತ್ತು ಹೋದ ಮೇಲೂ ಏಳುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಇರಿ. ಆ ಗಂಟೆಯ ಕೂಲಿಯನ್ನು ನಾನು ಬಿಲ್ಲಿಗೆ ಸೇರಿಸುತ್ತೇನೆ, ಯಾಕೆ ಅಂತ ಮನೆಯವರಿಗೆ ಹೇಳುತ್ತೇನೆ. ನೀವೂ ಸೇರಿಸಿ.